ಗೋಡೆಯಾಚೆಯ ಎರಡು ಬಡಿತ

ಎರಕದ ಕಾರ್ಖಾನೆಯ ಮೇಸ್ತ್ರಿಗೆ ಸಂಜೆಯಾದರೆ ಜೀವ ಬಾಯಿಗೆ ಬರುತ್ತಿತ್ತು. ಹಳೆಯ ಕಲ್ಲಿದ್ದಲ ಕುಲುಮೆ ಇದ್ದ ಖಾಲಿ ಶೆಡ್ಡಿನ ಹಿಂದಿನಿಂದ ಎರಡು ಬಡಿತ ಕೇಳುತ್ತಿದ್ದವು: ಠಣ್, ಠಣ್.

ಅದು ಅವರ ಮನೆತನದ ಸನ್ನೆ. ಕರಗಿದ ಕಬ್ಬಿಣ ಹರಿಬಿಡುವ ಮುಂಚೆ ಅಪ್ಪ ಇಕ್ಕಳದಿಂದ ಎರಡು ಸಲ ಬಡಿಯುತ್ತಿದ್ದ. ಎದುರಿದ್ದವರು ಒಂದು ಬಡಿದು ‘ಸರಿದಿದ್ದೇನೆ’ ಎನ್ನಬೇಕಿತ್ತು. ಆ ಕುಲುಮೆಯ ಹೊಗೆಯೇ ಅಪ್ಪನನ್ನು ತಿಂದಿತ್ತು. ಸನ್ನೆ ಗೊತ್ತಿದ್ದ ಇನ್ನೊಬ್ಬ ತಮ್ಮ. ಆ ಕುಲುಮೆ ತೆಗೆದ ವಾರವೇ ಅವನೂ ದೂರದ ಊರಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋಗಿದ್ದ. ಆಮೇಲೆ ಸುದ್ದಿಯಿಲ್ಲ.

ಕುಲುಮೆ ಹೋಗಿದ್ದು ಕಡಲಾಚೆಯ ಕಾನೂನಿನಿಂದ. ಮಾಲು ಕೊಳ್ಳುವ ದೇಶ, ಭೂಮಿ ಬಿಸಿಯಾಗುತ್ತಿದೆಯೆಂದು, ಕಲ್ಲಿದ್ದಲಲ್ಲಿ ಕರಗಿಸಿದ ಕಬ್ಬಿಣಕ್ಕೆ ಗಡಿಯಲ್ಲೇ ಸುಂಕ ಹಾಕಿತು. ಧಣಿ ಕರೆಂಟಿನ ಕುಲುಮೆ ತಂದ, ಹಳೆಯದನ್ನು ಗುಜರಿಗೆ ಹಾಕಿದೆನೆಂದ, ಹಿಂದೆ ಎತ್ತರದ ಗೋಡೆ ಕಟ್ಟಿಸಿದ. ಆಚೆ ಹೊಗೆ ಕಂಡರೆ ‘ಇಟ್ಟಿಗೆ ಗೂಡು’ ಎಂದ. ಸಂಬಳ ಕೊಡುವವನ ಮಾತು. ಗೋಡೆ ಹತ್ತಿ ನೋಡುವ ಉಸಾಬರಿ ಯಾರಿಗೆ ಬೇಕು?

“ಅಪ್ಪ ಕರೀತಿದಾನೆ ಕಣೇ,” ಎಂದ ಹೆಂಡತಿಗೆ.

“ಕರೀಲಿ. ನೀವು ಓಗೊಡಬೇಡಿ ಅಷ್ಟೇ. ಸತ್ತೋರಿಗೆ ಓಗೊಟ್ರೆ ಕರ್ಕೊಂಡೇ ಹೋಗ್ತಾರಂತೆ,” ಎಂದಳು ಅವಳು.

ಕೊಳ್ಳುವ ದೇಶದ ತಪಾಸಣೆಯವಳು ಬಂದ ಸಂಜೆ ಧಣಿಯ ಮಾತಲ್ಲಿ ಬೆಣ್ಣೆ ಕರಗುತ್ತಿತ್ತು. ಕಲ್ಲಿದ್ದಲ ಕುಲುಮೆ ಎಲ್ಲಾದರೂ ಇನ್ನೂ ಉರಿಯುತ್ತಿದೆಯೆಂದು ಗೊತ್ತಾದರೆ ಆರ್ಡರೇ ರದ್ದು. ಪಕ್ಕದಲ್ಲೇ ಮಾಲಿಗೆ ಬಣ್ಣ ಬಳಿಯುವ ಕೆಲಸಕ್ಕಿದ್ದ ಮೇಸ್ತ್ರಿಯ ಮಗಳೂ ಸೇರಿ ಎಲ್ಲರೂ ಬೀದಿಪಾಲು. ಆಗ ಕೇಳಿತು: ಠಣ್, ಠಣ್.

ಹುಟ್ಟುಗುಣ ಸುಟ್ಟರೂ ಹೋಗದು. ಅಷ್ಟು ದಿನ ತಡೆದಿದ್ದ ಕೈ ಇಕ್ಕಳ ಎತ್ತಿ ಕಂಬಕ್ಕೆ ಒಂದು ಬಡಿದೇಬಿಟ್ಟಿತು.

ಗೋಡೆಯಾಚೆಯಿಂದ ಕೆಮ್ಮಿನ ನಡುವೆ ಒಂದು ದನಿ: “ಅಣ್ಣಾ? ನೀನೇನಾ?”

ಅಪ್ಪನಲ್ಲ, ತಮ್ಮ. ಗುಜರಿಗೆ ಹೋಗದೆ ಗೋಡೆಯಾಚೆ ಬಚ್ಚಿಟ್ಟಿದ್ದ ಅಪ್ಪನದೇ ಕುಲುಮೆ, ಅಪ್ಪನದೇ ಕೆಮ್ಮು. ಬಾಯಿಬಿಡಬಾರದೆಂದು ಧಣಿ ಕಟ್ಟಪ್ಪಣೆ ಮಾಡಿದ್ದಿರಬೇಕು. ಬಡಿತವೊಂದೇ ಅವನಿಗೆ ಉಳಿದಿದ್ದ ದಾರಿ.

“ಯಾರದು?” ದುಭಾಷಿಯ ಮೂಲಕ ತಪಾಸಣೆಯವಳು ಕೇಳಿದಳು. ಧಣಿಯ ಮುಖ ಬಿಳಿಚಿಕೊಂಡಿತು. ಮೇಸ್ತ್ರಿ ಮಗಳ ಕಡೆ ನೋಡಿದ.

“ಯಾರೋ ಇಟ್ಟಿಗೆ ಗೂಡಿನೋರು ಮೇಡಂ. ತಮ್ಮೋರನ್ನ ಕರೀತಿದಾರೆ,” ಎಂದ ಮೇಸ್ತ್ರಿ.

ಮತ್ತೆ ಎರಡು ಬಡಿತ. ಮೇಸ್ತ್ರಿ ಇಕ್ಕಳ ಕೆಳಗಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಇನ್ನೆರಡು, ಮೆಲ್ಲಗೆ.

ಆರ್ಡರ್ ಉಳಿಯಿತು. ಮರುದಿನದಿಂದ ಬಡಿತ ನಿಂತಿತು. ಹೊಗೆ ಮಾತ್ರ ನಿಲ್ಲಲಿಲ್ಲ. ಈಗ ಸಂಜೆಯಾದರೆ ಮೇಸ್ತ್ರಿಯೇ ಕಂಬಕ್ಕೆ ಎರಡು ಬಡಿದು ಕಿವಿಗೊಟ್ಟು ನಿಲ್ಲುತ್ತಾನೆ. ಆಚೆಯಿಂದ ಕೆಮ್ಮು ಕೇಳುತ್ತದೆ, ಉತ್ತರವಿಲ್ಲ. ಸತ್ತವರಿಗೆ ಓಗೊಡಬಾರದೆಂದು ತಮ್ಮನಿಗೂ ಯಾರೋ ಹೇಳಿರಬೇಕು.