ಪಟ್ಟಿಯಲ್ಲಿ ಬರೆಯದ ಕೆಲಸ

ಅಂಟಕ್ಕನಿಗೆ ಆ ಹೆಸರು ಬಂದದ್ದು ಅಂಟಿನ ಯಂತ್ರದಿಂದ. ಅದು ಔಷಧಿಯ ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. ಅಚ್ಚಾಗಿ, ಕತ್ತರಿಸಿಕೊಂಡು ಬಂದ ರಟ್ಟನ್ನು ಆ ಉದ್ದನೆಯ ಯಂತ್ರ ಮಡಚಿ, ಅಂಚಿಗೆ ಅಂಟು ಸವರಿ, ಒತ್ತಿ ಆಚೆ ತಳ್ಳುತ್ತಿತ್ತು. ಹದಿನೆಂಟು ವರ್ಷ ಅವಳು ಅದರ ಪಕ್ಕದಲ್ಲೇ ನಿಂತು ಸವೆದಿದ್ದಳು. ತೇವದ ದಿನ ಅಂಟು ಎಷ್ಟು ಗಟ್ಟಿ ಇರಬೇಕು, ಬೆಲ್ಟು ಸಡಿಲವಾದರೆ ಯಂತ್ರದ ಸದ್ದು ಹೇಗೆ ಬದಲಾಗುತ್ತದೆ ಎಂಬುದೆಲ್ಲ ಅವಳಿಗೆ ಹೆತ್ತ ಮಗುವಿನ ಅಳುವಿನಷ್ಟು ಗೊತ್ತು.

ದಾಖಲೆಯಲ್ಲಿ ಮಾತ್ರ ಅವಳು ಹೆಲ್ಪರ್. ಆಪರೇಟರ್ ಎನ್ನಿಸಿಕೊಂಡವನು ಬೆಳಗ್ಗೆ ಸ್ವಿಚ್ ಒತ್ತುತ್ತಿದ್ದ, ಸಂಜೆ ವಹಿಗೆ ಸಹಿ ಹಾಕುತ್ತಿದ್ದ. ನಡುವಿನದೆಲ್ಲ ಅಂಟಕ್ಕನ ಪಾಲು. ಅಂಥ ಮೂವರಿಗೆ ಅವಳೇ ಕೆಲಸ ಕಲಿಸಿದ್ದಳು. ಮೂವರೂ ಕಲಿತ ಮರುವಾರವೇ ಅವಳಿಗೆ ಹುಕುಂ ಮಾಡಲು ಶುರು ಮಾಡಿದ್ದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿಕೊಂಡ ಹಾಗೆ ಎಂದು ಅವಳು ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು ಎಂದು ಅವಳಿಗೂ ಆಗ ಹೊಳೆದಿರಲಿಲ್ಲ.

ಆ ವರ್ಷ ಇನ್ನೊಂದು ಅಂಟಿನ ಯಂತ್ರ ಬಂತು. ಅದಕ್ಕೆ ಆಪರೇಟರ್ ಬೇಕೆಂದು ಬೋರ್ಡಿನಲ್ಲಿ ಚೀಟಿ ಅಂಟಿಸಿದರು. ಅಂಟಕ್ಕ ಅರ್ಜಿ ಬರೆದುಕೊಟ್ಟಳು. ಮೂರನೆಯ ದಿನ ಸೂಪರ್‌ವೈಸರ್ ಅದನ್ನು ಹಾಗೇ ಹಿಂದಕ್ಕೆ ಕೊಟ್ಟ. ಅಂಟಿನ ಡ್ರಮ್ಮು ಎತ್ತುವುದು ಹೆಂಗಸರ ಕೈಲಾಗುವುದಿಲ್ಲವಂತೆ. ಆ ಹೊತ್ತಿಗೆ ಅವಳ ಅತ್ತಿಗೆ, ಅದೇ ಯಂತ್ರದ ಇನ್ನೊಬ್ಬ ಹೆಲ್ಪರ್, ಅವನ ಬೆನ್ನ ಹಿಂದೆಯೇ ತುಂಬಿದ ಡ್ರಮ್ಮನ್ನು ಒಬ್ಬಳೇ ಉರುಳಿಸಿಕೊಂಡು ಬರುತ್ತಿದ್ದಳು.

ಅತ್ತಿಗೆಯ ಗಂಡ, ಅಂದರೆ ಅಂಟಕ್ಕನ ಒಡಹುಟ್ಟಿದ ಅಣ್ಣ, ಯೂನಿಯನ್ನಿನ ಕಾರ್ಯದರ್ಶಿ. ಅಚ್ಚಿನ ವಿಭಾಗದವನು. ಕೆಲಸ ಕಳೆದುಕೊಂಡ ಎಷ್ಟೋ ಜನರನ್ನು ಮತ್ತೆ ಒಳಗೆ ಸೇರಿಸಿದವನು, ಮಾತಿಗೆ ನಿಲ್ಲುವವನು ಎಂದು ಎಲ್ಲರಿಗೂ ನಂಬಿಕೆ. ಅಂಟಕ್ಕ ಅವನ ಬಳಿ ಹೋದಳು. ಸಂಬಳದ ಮಾತುಕತೆ ನಡೆಯುತ್ತಿದ್ದ ಸಮಯ. ಅಣ್ಣ ಪೂರ್ತಿ ಕೇಳಿದ, ಇದು ನ್ಯಾಯವಾದ ಮಾತು ಎಂದ, ಹೆಂಗಸರಿಗೂ ಬಡ್ತಿ ಎಂಬುದನ್ನು ಬೇಡಿಕೆಗಳಲ್ಲಿ ಹನ್ನೊಂದನೆಯದಾಗಿ ಸೇರಿಸುತ್ತೇನೆ ಎಂದು ಅವಳ ಎದುರೇ ಬರೆದುಕೊಂಡ.

ಎರಡು ವಾರದ ನಂತರ ಗೇಟಿನ ಬಳಿ ಒಪ್ಪಂದದ ಪ್ರತಿ ಅಂಟಿಸಿದಾಗ ಅದರಲ್ಲಿ ಹತ್ತೇ ಇದ್ದವು.

ಅಂಟಕ್ಕ ಸೈಕಲ್ ಸ್ಟ್ಯಾಂಡಿನ ಮೇಲಿದ್ದ ಯೂನಿಯನ್ ಕೋಣೆಯ ಮೆಟ್ಟಿಲು ಹತ್ತಿದಳು. ಅಣ್ಣ ಅವಳ ಮುಖ ನೋಡಲಿಲ್ಲ. ಒಂದನ್ನಾದರೂ ಕೈಬಿಡದೆ ಕಂಪನಿಯವರು ಸಹಿ ಹಾಕುವ ಹಾಗಿರಲಿಲ್ಲ ಎಂದ.

"ಮೊದಲು ಎಲ್ಲರಿಗೂ ಆಗೋದು ಆಗಲಿ. ಆಮೇಲೆ ನಿಮ್ಮದು ನೋಡೋಣ."

"ಎಲ್ಲರಲ್ಲಿ ನಾವು ಸೇರಿಲ್ವಾ ಅಣ್ಣ?"

ಅವನು ಕಾಗದ ಜೋಡಿಸುತ್ತ ಕೂತ. ಅವಳು ಇಳಿದು ಬಂದಳು. ಕಂಪನಿಯವರ ಮೇಲೆ ಬಂದ ಸಿಟ್ಟಿಗೆ ಒಂದು ತೂಕವಿತ್ತು. ಅಣ್ಣನ ಮೇಲೆ ಬಂದದ್ದನ್ನು ಎಲ್ಲಿ ಇಡುವುದೆಂದು ಅವಳಿಗೆ ತಿಳಿಯಲಿಲ್ಲ.

ಸೋಮವಾರ ಸೂಪರ್‌ವೈಸರ್ ಉಗ್ರಾಣದಿಂದ ಒಬ್ಬನನ್ನು ಕರೆತಂದ. ದಪ್ಪ ಮೀಸೆಯ, ನಲವತ್ತರ ಆಸುಪಾಸಿನ ಸಾಧು ಮನುಷ್ಯ. ಹೊಸ ಯಂತ್ರಕ್ಕೆ ಇವನೇ ಆಪರೇಟರ್, ಶನಿವಾರದೊಳಗೆ ಕಲಿಸಿಬಿಡು ಎಂದ.

ಅಂಟಕ್ಕ ಕೈಯೊರೆಸಿಕೊಂಡಳು. ತನ್ನ ಕೆಲಸ ಏನೇನು ಎಂದು ಬರೆದ ಪಟ್ಟಿ ಎಲ್ಲಿದೆ ಎಂದು ಕೇಳಿದಳು. ಅದು ಸೂಪರ್‌ವೈಸರ್ ಕೋಣೆಯ ಗೋಡೆಯ ಮೇಲೆಯೇ ಧೂಳು ಹಿಡಿದು ನೇತಾಡುತ್ತಿತ್ತು. ಅವಳು ಹೋಗಿ, ಗಾಜು ಒರೆಸಿ, ಎಲ್ಲರಿಗೂ ಕೇಳುವ ಹಾಗೆ ಓದಿದಳು. ಹೆಲ್ಪರ್: ರಟ್ಟು ಎತ್ತಿಕೊಡುವುದು. ತಯಾರಾದ ಡಬ್ಬ ಜೋಡಿಸುವುದು. ನೆಲ ಗುಡಿಸುವುದು.

"ಕಲಿಸೋದು ಅಂತ ಇದರಲ್ಲಿಲ್ಲ ಸಾರ್. ಅಂಟಿನ ಹದ ನೋಡೋದು ಅಂತಾನೂ ಇಲ್ಲ."

ಅಷ್ಟು ಹೇಳಿ ಬಂದು ರಟ್ಟು ಎತ್ತಿಕೊಡತೊಡಗಿದಳು. ಅಚ್ಚುಕಟ್ಟಾಗಿ, ಒಂದು ನಿಮಿಷವೂ ಕೈ ಖಾಲಿ ಬಿಡದೆ. ಮಧ್ಯಾಹ್ನದ ಹೊತ್ತಿಗೆ ಅಂಟು ಗಟ್ಟಿಯಾಯಿತು. ಅವಳು ನೋಡಿದಳು, ಮುಟ್ಟಲಿಲ್ಲ. ಡಬ್ಬಗಳು ಬಾಯಿ ಬಿಟ್ಟುಕೊಂಡು ಬರತೊಡಗಿದವು. ಅವಳ ಯಂತ್ರದ ಆಪರೇಟರ್ ಓಡಿ ಬಂದು ಸುಮ್ಮನೆ ನೀರು ಸುರಿದ. ಆಮೇಲೆ ಹತ್ತು ಹತ್ತು ಡಬ್ಬ ಒಂದಕ್ಕೊಂದು ಅಂಟಿಕೊಂಡು, ಮದುವೆಯಾದ ಹೊಸತರ ಜೋಡಿಗಳ ಹಾಗೆ ಬಿಡಿಸಲಾಗದೆ ಬಿದ್ದವು. ಅಂಟಕ್ಕ ಅವನ್ನೂ ಅಚ್ಚುಕಟ್ಟಾಗಿ ಜೋಡಿಸಿಟ್ಟಳು.

ಮರುದಿನ ಕತ್ತರಿಸುವ ಯಂತ್ರದ ಹೆಂಗಸರೂ ಪಟ್ಟಿ ಓದಿಕೊಂಡು ಬಂದರು. ಇಪ್ಪತ್ತೆರಡು ಹೆಲ್ಪರ್‌ಗಳಲ್ಲಿ ಅತ್ತಿಗೆಯೊಬ್ಬಳು ಮಾತ್ರ ಹಿಂದುಮುಂದು ನೋಡುತ್ತಿದ್ದಳು. ಗಂಡನ ಮರ್ಯಾದೆಯ ಪ್ರಶ್ನೆ. ಅವಳು ಯಾರಿಗೂ ಕಾಣದ ಹಾಗೆ ಅಂಟಿಗೆ ಬೇಕಾದಷ್ಟೇ ನೀರು ಬೆರೆಸುತ್ತಿದ್ದಾಗ ಸೂಪರ್‌ವೈಸರ್ ಬಂದು ಭುಜ ತಟ್ಟಿದ. ನೀನಾದರೂ ಬುದ್ಧಿವಂತೆ, ನಿನ್ನ ಗಂಡ ನಮ್ಮ ಕಡೆಯವನಲ್ಲವೇ ಎಂದ. ಅತ್ತಿಗೆ ಭುಜ ಕೊಡವಿಕೊಂಡಳು. ಕೈಲಿದ್ದ ಚೊಂಬನ್ನು ಅವನ ಕೈಗೇ ಕೊಟ್ಟು ಕಸಬರಿಗೆ ಎತ್ತಿಕೊಂಡಳು.

ಊಟದ ಹೊತ್ತಿಗೆ ಅಣ್ಣ ಕ್ಯಾಂಟೀನಿಗೆ ಬಂದ. ಇದು ಯೂನಿಯನ್ನಿನ ತೀರ್ಮಾನವಲ್ಲ, ಸಹಿ ಹಾಕಿದ ಮಸಿ ಇನ್ನೂ ಆರಿಲ್ಲ, ಮುಷ್ಕರ ಮಾಡಿದರೆ ಕಾನೂನು ನಮ್ಮ ಮೇಲೇ ತಿರುಗುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ.

"ಮುಷ್ಕರ ಯಾರು ಮಾಡ್ತಿದ್ದಾರೆ ಅಣ್ಣ? ಕೆಲಸ ಮಾಡ್ತಿದ್ದೀವಿ. ಬರೆದಿರೋದನ್ನ ಬರೆದಿರೋ ಹಾಗೆ."

"ತಮಾಷೆ ಮಾಡಬೇಡ. ಕೆಲಸ ಹೋಗುತ್ತೆ."

"ಯಾವ ಕೆಲಸ? ಮಾಡ್ತಿದ್ದದ್ದಾ, ಬರೆದಿದ್ದದ್ದಾ?"

ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದ್ದರು. ಅಣ್ಣ ಹೆಂಡತಿಯ ಕಡೆ ನೋಡಿದ. ಅವಳು ಡಬ್ಬಿಯ ಮುಚ್ಚಳ ಹಾಕುತ್ತ ಕೂತಿದ್ದಳು.

ಮೂರನೆಯ ದಿನ ಮ್ಯಾನೇಜರ್ ಅಂಟಕ್ಕನನ್ನು ಒಳಗೆ ಕರೆದು ನೋಟಿಸ್ ಕೊಟ್ಟರು. ನಿಮ್ಮನ್ನೇಕೆ ಕೆಲಸದಿಂದ ತೆಗೆಯಬಾರದು ಎಂದು ಕೇಳುವ ಕಾಗದ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಓದುತ್ತಿರುವ ಮಗಳು ಕಣ್ಣೆದುರು ಬಂದರು. ಕಾಗದವನ್ನು ನಿಧಾನವಾಗಿ ಓದಿದಳು. "ತಾವು ಅಂಟಿನ ಯಂತ್ರವನ್ನು ಎಂದಿನಂತೆ ನಡೆಸಲು ನಿರಾಕರಿಸಿ ಉತ್ಪಾದನೆಗೆ ನಷ್ಟ ಉಂಟುಮಾಡಿದ್ದೀರಿ." ಆ ಸಾಲನ್ನು ಅವಳು ಎರಡು ಸಲ ಓದಿದಳು. ಮೂರು ದಿನದಲ್ಲಿ ಮೊದಲ ಬಾರಿಗೆ ನಗು ಬಂತು.

"ನಗೋ ವಿಷಯನೇನಮ್ಮ ಇದು?"

"ಇಲ್ಲ ಸಾರ್. ಸಹಿ, ಸೀಲು ಎರಡೂ ಇದೆಯಾ ಅಂತ ನೋಡ್ದೆ."

ಸಂಜೆಯೊಳಗೆ ಇಪ್ಪತ್ತೆರಡು ಹೆಂಗಸರಿಗೂ ಅವರವರ ಯಂತ್ರದ ಹೆಸರು ಹಾಕಿದ ಅಂಥದೇ ಕಾಗದ ಬಂತು. ಕೆಲಸ ಬಿಟ್ಟವಳೇ ಅಂಟಕ್ಕ ಅತ್ತಿಗೆಯ ಜೊತೆ ಅಣ್ಣನ ಮನೆಗೆ ಹೋದಳು. ಅತ್ತಿಗೆ ತನ್ನ ನೋಟಿಸನ್ನು ಗಂಡನ ಮುಂದಿಟ್ಟಳು. ಇಪ್ಪತ್ತು ವರ್ಷ ಇಂಥ ಕಾಗದಗಳ ಜೊತೆಯೇ ಗುದ್ದಾಡಿದವನು. ಮೊದಲ ಓದಿಗೇ ಅವನ ಹುಬ್ಬು ಮೇಲೇರಿತು.

"ನೀವೇ ಯಂತ್ರ ನಡೆಸ್ತಿದ್ದಿರಿ ಅಂತ ಕಂಪನಿಯವರೇ ಬರೆದುಕೊಟ್ಟಿದ್ದಾರಲ್ಲ. ಎಂದಿನಂತೆ ಅಂತ ಬೇರೆ."

"ಹೂಂ. ಹದಿನೆಂಟು ವರ್ಷ ನಾನು ಬಾಯಲ್ಲಿ ಹೇಳಿದ್ದನ್ನ ಅವರು ಒಂದೇ ಸಾಲಲ್ಲಿ ಬರೆದುಬಿಟ್ಟರು."

ಅಣ್ಣನ ಕಣ್ಣಲ್ಲಿ ಹಳೆಯ ಹುರುಪು ಬಂತು. ಇದನ್ನು ನನಗೆ ಕೊಡಿ, ನಾಳೆಯೇ ಮ್ಯಾನೇಜರ್ ಮುಂದೆ ಕೂರುತ್ತೇನೆ, ಬಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ಕಳಿಸುತ್ತೇನೆ ಎಂದ. ಅಂಟಕ್ಕ ಬೇಡವೆಂದು ತಲೆಯಾಡಿಸಿದಳು. ಕೂರುವುದಾದರೆ ತಾನೂ ಕೂರುತ್ತೇನೆ, ಇನ್ನೊಬ್ಬ ಹೆಂಗಸೂ ಇರುತ್ತಾಳೆ ಎಂದಳು. ಮಾತುಕತೆಗೆ ಸಮಿತಿಯವರು ಮಾತ್ರ ಹೋಗುವುದು, ಸಮಿತಿಯಲ್ಲಿ ಹೆಂಗಸರಿಲ್ಲವಲ್ಲ ಎಂದು ಅಣ್ಣ ಹೇಳುತ್ತಿದ್ದಂತೆ ಅತ್ತಿಗೆ ಅವನ ಕೈಯಿಂದ ಕಾಗದ ಎಳೆದುಕೊಂಡು ಮಡಚಿದಳು.

"ಹಾಗಾದ್ರೆ ಇದು ನಮ್ಮ ಹತ್ರಾನೇ ಇರಲಿ. ಹೋದ ಸಲ ನಿಮ್ಮ ಕೈಗೆ ಕೊಟ್ಟದ್ದು ಎಲ್ಲಿ ಹೋಯ್ತು ಅಂತ ನೋಡಿದ್ದೀವಿ."

ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತಿಯಿಂದ ಅವನು ಕೇಳಿದ ಅತಿ ಗಟ್ಟಿ ಮಾತು ಅದು. ಅವನ ಮುಖ ಕಪ್ಪಿಟ್ಟಿತು. ಕೊನೆಗೆ, ನಾಳೆ ಗೇಟ್ ಸಭೆ ಕರೆಯುತ್ತೇನೆ ಎಂದ.

ಸಭೆ ಸಲೀಸಾಗಿರಲಿಲ್ಲ. ಆಪರೇಟರ್ ಹುದ್ದೆ ಹೆಂಗಸರಿಗೆ ಹೋದರೆ ನಮ್ಮ ಮಕ್ಕಳ ಗತಿಯೇನು ಎಂದು ಅಚ್ಚಿನ ವಿಭಾಗದವನೊಬ್ಬ ಎದ್ದು ನಿಂತ. ಅಂಟಕ್ಕ ಕಲ್ಲಿನ ಕಟ್ಟೆಯ ಮೇಲೆ ಹತ್ತಿದಳು.

"ನಿನ್ನ ಮಗಳು ನಿನ್ನ ಮಕ್ಕಳ ಲೆಕ್ಕಕ್ಕೆ ಬರಲ್ವಾ? ನಾವು ಯಾರ ಕೆಲಸಾನೂ ಕಿತ್ಕೋತಿಲ್ಲ. ಮಾಡ್ತಿರೋ ಕೆಲಸಕ್ಕೆ ಅದರ ಹೆಸರು ಕೇಳ್ತಿದ್ದೀವಿ. ನಮ್ಮ ಚಂದಾ ಬೇಕು, ಮೆರವಣಿಗೆಗೆ ನಮ್ಮ ತಲೆ ಬೇಕು, ಮಾತಾಡೋ ಹೊತ್ತಿಗೆ ಮಾತ್ರ ನಾವು ಮನೆಗೆ ಹೋಗಬೇಕು. ಇನ್ನು ಹೋಗಲ್ಲ."

ಜನರ ನಡುವಿನಿಂದ ಮೀಸೆಯವನು ಕೈಯೆತ್ತಿದ. ಈ ಕೆಲಸ ತಾನು ಕೇಳಿರಲಿಲ್ಲ, ತನಗೆ ಬರುವುದೂ ಇಲ್ಲ, ಬರುವವರಿಗೆ ಕೊಡಿ ಎಂದು ಕೂತುಬಿಟ್ಟ. ಕೆಲವರು ನಕ್ಕರು, ಬಿಗಿ ಸಡಿಲವಾಯಿತು. ಹೆಂಗಸರಿಗೂ ಬಡ್ತಿ, ಮಾತುಕತೆಯಲ್ಲಿ ಹೆಂಗಸರಿಗೂ ಜಾಗ ಎಂಬುದರ ಮೇಲೆ ಎತ್ತಿದ ಕೈಗಳನ್ನು ಅಣ್ಣನೇ ಎಣಿಸಿದ. ಅನುಮಾನ ಬಂದು ಮತ್ತೆ ಎಣಿಸಿದ. ಹನ್ನೊಂದು ಕೈ ಹೆಚ್ಚಿಗೆ ಹೆಂಗಸರ ಕಡೆಗಿತ್ತು.

ಮಾತುಕತೆ ನಾಲ್ಕು ದಿನ ನಡೆಯಿತು. ಮ್ಯಾನೇಜರ್ ಡ್ರಮ್ಮಿನ ಮಾತು ತೆಗೆದಾಗ ಅಂಟಕ್ಕ ಹೇಳಿದ್ದು ಒಂದೇ: ಪರೀಕ್ಷೆ ಇಡಿ, ಗಂಡಸರಿಗೂ ಹೆಂಗಸರಿಗೂ ಒಂದೇ ಯಂತ್ರ, ಒಂದೇ ಡ್ರಮ್ಮು. ಆ ನೋಟಿಸ್ ಇಲಾಖೆಗೆ ಹೋಗುವುದು ಕಂಪನಿಯವರಿಗೆ ಬೇಕಿರಲಿಲ್ಲ. ಪರೀಕ್ಷೆ ನಡೆಯಿತು. ಅಂಟಕ್ಕ, ಅತ್ತಿಗೆ, ಇನ್ನೂ ಮೂವರು ಪಾಸಾಗಿ ದಾಖಲೆಯಲ್ಲೂ ಆಪರೇಟರ್ ಆದರು. ಇಬ್ಬರು ಫೇಲಾಗಿ ಅತ್ತರು, ಆರು ತಿಂಗಳ ಮೇಲೆ ಮತ್ತೆ ಕೂತರು. ನೋಟಿಸುಗಳು ರದ್ದಾದವು. ಎರಡನೆಯ ಪಾಳಿಯ ಹೆಂಗಸರನ್ನು ರಾತ್ರಿ ಮನೆಗೆ ಬಿಡಲು ಗಾಡಿ ಬೇಕು ಎಂದು ಕೇಳಿದ್ದು ಮಾತ್ರ ಸಿಗಲಿಲ್ಲ.

ಅಣ್ಣ ಮನೆಗೆ ಬಂದುಹೋಗುವುದು ಬಿಡಲಿಲ್ಲ, ಆದರೆ ಮೊದಲಿನ ಸಲುಗೆ ಉಳಿಯಲಿಲ್ಲ. ಮುಂದಿನ ಚುನಾವಣೆಯಲ್ಲಿ ಅಂಟಕ್ಕ ಅವನ ಎದುರೇ ಕಾರ್ಯದರ್ಶಿ ಸ್ಥಾನಕ್ಕೆ ನಿಂತಳು. ಸೋತಳು. ಸಮಿತಿಗೆ ಅತ್ತಿಗೆ ಸೇರಿ ಇಬ್ಬರು ಹೆಂಗಸರು ಗೆದ್ದರು. ಮತ ಎಣಿಸಿ ಮುಗಿದ ಮೇಲೆ ಅಣ್ಣ ಅವಳ ಹತ್ತಿರ ಬಂದ.

"ಬೇಜಾರಾಯ್ತಾ?"

"ಆಯ್ತು. ಮುಂದಿನ ಸಲಾನೂ ನಿಲ್ತೀನಿ, ಹೇಳಿರ್ತೀನಿ."

ಪಾಳಿಯ ಗಂಟೆ ಹೊಡೆಯಿತು. ಅವಳು ಗಾಡಿಯ ಬೇಡಿಕೆಗೆ ಸಹಿ ಹಾಕಿಸುವ ಹಾಳೆಯನ್ನು ಅವನ ಕೈಗಿಟ್ಟು, ಮೊದಲ ಸಹಿ ನಿನ್ನದೇ ಇರಲಿ ಎಂದು ಹೇಳಿ ಒಳಗೆ ಹೋದಳು.