ಕದ ಹಾಕಿ ಬಡಿದ ರೊಟ್ಟಿ

ನಮ್ಮ ಓಣಿಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆಂದು ತಿಳಿಯಲು ಕಿವಿಯಿದ್ದರೆ ಸಾಕಿತ್ತು. ಎದುರು ಮನೆಯ ಶಿವಗಂಗವ್ವನ ಕೈ ಅವಸರದ್ದು. ಅವಳ ಸೊಸೆ ನಾಲ್ಕು ಸಲ ಬಡಿದು ಒಮ್ಮೆ ನಿಲ್ಲುವವಳು. ನನ್ನದು ಮೆತ್ತಗಿನ ಕೈ, ಆದರೆ ನಡುವೆ ನಿಲ್ಲುವುದಿಲ್ಲ. ಐವತ್ತೇಳನೇ ಇಸವಿಯಲ್ಲಿ ಮದುವೆಯಾಗಿ ಮೂಡಲಗಿಗೆ ಬಂದಾಗ ಓಣಿಗೆ ನನ್ನ ಮುಖಕ್ಕಿಂತ ಮೊದಲು ಪರಿಚಯವಾದದ್ದು ಆ ಸಪ್ಪಳವೇ.

ನಮ್ಮವರು ಊರಿನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದರು. ಸಂಜೆ ಹುಬ್ಬಿನ ತುಂಬ ಹಿಟ್ಟು ಹೊತ್ತು ಬಂದು, ಕೈಕಾಲು ತೊಳೆದು ಒಲೆಯ ಮುಂದೆ ಕೂರುತ್ತಿದ್ದರು. ಹಂಚಿನಿಂದ ಇಳಿದ ರೊಟ್ಟಿಯನ್ನು ಬಿಸಿಬಿಸಿಯಾಗಿ ಇಬ್ಬರೂ ಹರಿದು ತಿನ್ನುತ್ತಿದ್ದೆವು. ಗಿರಣಿಯಲ್ಲಿ ಪಾಳಿಗಾಗಿ ಹೆಂಗಸರು ಆಡಿದ ಜಗಳವನ್ನು ಅವರು ದನಿ ಬದಲಿಸಿ ಹೇಳಿದರೆ, ನಾನು ನಗುತ್ತ ನಗುತ್ತ ರೊಟ್ಟಿ ಹೊತ್ತಿಸುತ್ತಿದ್ದೆ. ಅತ್ತೆ ಇಲ್ಲದ ಮನೆ. ಆಗ ಅದು ನನ್ನ ಪುಣ್ಯ ಎನಿಸಿತ್ತು.

ಅತ್ತೆ ಇಲ್ಲದ ಮನೆ ಎಂದರೇನೆಂದು ಮಗಳು ಗೌರವ್ವ ಹುಟ್ಟಿದ ಮೇಲೆ ತಿಳಿಯಿತು. ಮೇಲವಂಕಿಯ ತವರಿನಲ್ಲಿ ಐದು ತಿಂಗಳು ಬಾಣಂತನ ಮುಗಿಸಿ ಬಂದೆ. ದೀಪ ಹಚ್ಚುವ ಹೊತ್ತಾಯಿತೆಂದರೆ ಸಾಕು, ಕೂಸಿನ ಅಳು ಶುರು. ಎತ್ತಿಕೊಂಡರೆ ರೊಟ್ಟಿ ಇಲ್ಲ, ರೊಟ್ಟಿಗೆ ಕೂತರೆ ಕೂಸು ಉಸಿರು ಕಟ್ಟಿ ಅಳುತ್ತಿತ್ತು. ಸೊಂಟ ಬಿದ್ದೇ ಹೋಗಿತ್ತು. ಗಂಡ ಹೆಂಡತಿಯ ಮಾತೆಂದರೆ ಕೂಸು ಹಾಲು ಕಕ್ಕಿತೇ, ಮಲಗಿತೇ, ಇಷ್ಟೇ. ಗಿರಣಿಯ ಹೆಂಗಸರು ಜಗಳವಾಡುವುದನ್ನೇ ಬಿಟ್ಟರೇನೋ, ಅವರ ಸುದ್ದಿಯೇ ಇಲ್ಲ. ನನ್ನ ಪಾಲಿಗೆ ಬರುವ ಹೊತ್ತಿಗೆ ರೊಟ್ಟಿ ತಣ್ಣಗಾಗಿ ಸೆಟೆದಿರುತ್ತಿತ್ತು.

ಒಂದು ಸಂಜೆ ಹಿಟ್ಟಿನ ಕೈಯಲ್ಲೇ ಕೂಸಿಗೆ ಹಾಲು ಕೊಡುತ್ತ ಗೋಡೆಗೆ ಒರಗಿದವಳು ಏಳಲೇ ಇಲ್ಲ. ನಮ್ಮವರು ಎದ್ದು ಕದ ಹಾಕಿ ಅಗಳಿ ಜಡಿದು, ಹಿಟ್ಟು ನಾದಿದ ಪರಾತವನ್ನು ತಮ್ಮ ಮುಂದಕ್ಕೆ ಎಳೆದುಕೊಂಡರು. ಎರಡು ರೊಟ್ಟಿ ಹರಿದವು. ಮೂರನೆಯದು ನನ್ನದಕ್ಕಿಂತ ದುಂಡಗಾಯಿತು. ಹತ್ತು ವರ್ಷ ಹಿಟ್ಟು ಮುಟ್ಟಿದ ಬೆರಳುಗಳಲ್ಲವೇ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು.

ಯಾರ ಮುಂದೆಯೂ ಬಾಯಿ ಬಿಡಬೇಡ ಎಂದರು. ಊರಿನ ಹೆಂಗಸರೆಲ್ಲ ಗಿರಣಿಗೆ ಬರುವವರು, ಗಂಡಸು ರೊಟ್ಟಿ ಬಡಿಯುತ್ತಾನೆಂದು ಗೊತ್ತಾದರೆ ಅಲ್ಲಿ ತಲೆ ಎತ್ತಿ ನಿಲ್ಲುವಂತಿರಲಿಲ್ಲ. ಅಂದಿನಿಂದ ದಿನವೂ ಅದೇ ಆಯಿತು. ಮೊದಲ ವಾರ ನಾನು ಅವರನ್ನು ದೇವರೆಂದೇ ತಿಳಿದೆ.

ಅಷ್ಟರಲ್ಲಿ ಶಿವಗಂಗವ್ವ, ಹಡೆದು ಬಂದ ಮೇಲೆ ನಿನ್ನ ಕೈಗೆ ಬಲ ಬಂದಿದೆ, ನಿಮ್ಮವ್ವ ಏನು ತಿನ್ನಿಸಿದಳು ಎಂದು ಕೇಳಿದಳು. ಮನೆಯಲ್ಲಿ ಇದನ್ನು ನಗುತ್ತ ಹೇಳಿದೆ. ನಮ್ಮವರು ನಗಲಿಲ್ಲ. ನನಗೆ ಒಂದು ರೊಟ್ಟಿ ಬಡಿಯಲು ಹೇಳಿ, ಕಿವಿಗೊಟ್ಟು ಕೇಳಿ, ನನ್ನ ಹಾಗೆಯೇ ಮೆತ್ತಗೆ ಬಡಿಯುವುದನ್ನು ಕಲಿತರು. ಅವರು ಬಡಿಯುವಷ್ಟು ಹೊತ್ತೂ ನಾನು ಹೊರಗೆ ಕಾಣಿಸಿಕೊಳ್ಳುವಂತಿಲ್ಲ, ಓಣಿಯ ಲೆಕ್ಕಕ್ಕೆ ರೊಟ್ಟಿ ಬಡಿಯುತ್ತಿರುವವಳು ನಾನಲ್ಲವೇ! ಬೇಸಗೆ ಬಂತು. ಒಂದೇ ಕೋಣೆ, ಹಾಕಿದ ಕದ, ಒಲೆಯ ಹೊಗೆ. ಉಪಕಾರವೋ ಸೆರೆಮನೆಯೋ ತಿಳಿಯದಾಯಿತು.

ಒಂದು ಸಂಜೆ ಕೂಸು ಹೊಗೆಗೆ ಕೆಮ್ಮತೊಡಗಿತು. ನಿಲ್ಲಲೇ ಇಲ್ಲ. ಕದ ತೆಗೆಯುತ್ತೇನೆ ಎಂದೆ. ಇನ್ನೆರಡೇ ರೊಟ್ಟಿ, ತಡೆದುಕೋ ಎಂದರು. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮ ಮಾನಾ ಕಾಯಾಕ ನನ್ನ ಕೂಸು ಹೊಗಿ ಕುಡೀಬೇಕೇನ್ರಿ? ನಾ ಹೊರಗ ಕುಂದ್ರತೇನಿ. ನೀವು ಬಡೀರಿ, ಬಿಡ್ರಿ."

ಅಗಳಿ ತೆಗೆದು ಕಟ್ಟೆಯ ಮೇಲೆ ಕೂತೆ. ಎದುರಿಗೆ ಶಿವಗಂಗವ್ವ ಕಾಳು ಆರಿಸುತ್ತಿದ್ದಳು. ನನ್ನ ಹಿಂದೆ ಕದ ಮತ್ತೆ ಮುಚ್ಚಿತು. ಒಳಗೆ ಸಪ್ಪಳವಿಲ್ಲ. ಕೂಸಿನ ಕೆಮ್ಮು ಇಳಿಯಿತು, ಆದರೂ ಸಪ್ಪಳವಿಲ್ಲ. ಅಳುವುದಕ್ಕೂ ನನಗೆ ಬೇಸರ. ಇವರಿಗೆ ನಾನು ಬೇಕೋ ಗಿರಣಿಯ ಹೆಂಗಸರ ಎದುರು ಮರ್ಯಾದೆ ಬೇಕೋ, ಇವತ್ತು ತಿಳಿದುಹೋಗುತ್ತದೆ. ನಾಳೆಯಿಂದ ರೊಟ್ಟಿಗೆ ಮತ್ತೆ ನಾನೇ, ಸಾಯುವ ತನಕ ನಾನೇ ಎಂದುಕೊಂಡೆ.

ಆಗ ಸಪ್ಪಳ ಶುರುವಾಯಿತು. ಮೆತ್ತಗೆ, ನಡುವೆ ನಿಲ್ಲದೆ. ನನ್ನದೇ ಕೈಯ ಸಪ್ಪಳ! ನಾನು ಓಣಿಯ ಕಣ್ಣೆದುರು ಕೂತಿದ್ದೇನೆ, ಈ ಮನುಷ್ಯ ಒಳಗೆ ಇನ್ನೂ ನಾನಾಗಿಯೇ ಬಡಿಯುತ್ತಿದ್ದಾರೆ. ಶಿವಗಂಗವ್ವ ನನ್ನನ್ನು ನೋಡಿದಳು, ಕದವನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ನನಗೆ ನಗು ಬಂತು. ಅವರ ಮೇಲೆ ಕನಿಕರವೂ ಬಂತು. ಓಣಿಗೆ ಕೇಳಿದರೆ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ.

"ಮೆತ್ತಗ ಬಡದ್ರ ದಪ್ಪ ಆಗತಾವ್ರಿ. ನಿಮ್ಮ ಕೈಲೆ ಬಡೀರಿ."

ಮೆತ್ತಗಿನ ಸಪ್ಪಳ ನಿಂತು ಅವರ ಭಾರದ ಕೈ ಬಿತ್ತು, ಒಂದರ ಹಿಂದೊಂದು. ಕದ ತೆರೆದು, ಹಿಟ್ಟಿನ ಕೈಯಲ್ಲಿ ಹೊಗೆಯಾಡುವ ರೊಟ್ಟಿ ತಂದು ನನ್ನ ಪಕ್ಕದಲ್ಲಿಟ್ಟರು. ಶಿವಗಂಗವ್ವನ ಕಡೆ ನೋಡಲಿಲ್ಲ.

"ಆರೂದ್ರಾಗ ತಿನ್ನು, ಬಾಳವ್ವ," ಎಂದರು.

ಮರುದಿನ ಗಿರಣಿಯಲ್ಲಿ ಹೆಂಗಸರು ನಮ್ಮವರನ್ನು, ಲಕ್ಕಪ್ಪಣ್ಣ, ನಮಗೂ ನಾಲ್ಕು ಬಡಿದು ಕೊಡು ಎಂದು ಕಾಡಿದರಂತೆ. ಮುಖ ಗಂಟು ಹಾಕಿಕೊಂಡು ಮನೆಗೆ ಬಂದರು. ಕೂಸು ಅಳತೊಡಗಿತು. ನಾನು ಅದನ್ನು ಎತ್ತಿಕೊಂಡು ಕಟ್ಟೆಗೆ ಹೊರಟೆ. ಅವರು ಪರಾತ ಎಳೆದುಕೊಂಡು ಕೂತರು. ಕದ ಹಾಕಲು ಏಳಲಿಲ್ಲ.