ಸಂಜೆ ನಾಲ್ಕಕ್ಕೆ, ದಣಿದು ಬನ್ನಿ

ಒಂದು ವರ್ಷ ಕಾಲ ನನಗೆ ಇಬ್ಬರು ಗಂಡಂದಿರಿದ್ದರು. ಇಬ್ಬರ ಹೆಸರೂ ಸೆಲ್ಬಿ. ಬೆಳಿಗ್ಗೆ ಒಬ್ಬನೇ ಇರುತ್ತಿದ್ದ. ಮಧ್ಯಾಹ್ನ ಕಳೆಯುತ್ತಿದ್ದಂತೆ ಅವನ ಪಕ್ಕಕ್ಕೆ ಇನ್ನೊಬ್ಬ ಮೆಲ್ಲನೆ ಜಾರಿ ಬಂದು ಕೂರುತ್ತಿದ್ದ. ಅದೇ ಉಣ್ಣೆ ಟೋಪಿ, ಅದೇ ಹಟಮಾರಿ ಮೂಗು. ಕಿಟಕಿಯಾಚೆ ಎರಡು ದೀಪಸ್ತಂಭ, ಎರಡು ದೋಣಿಕಟ್ಟೆ, ಮಂಜಿನೊಳಗೆ ತೇಲಿಹೋಗುವ ಹಿಮಗಡ್ಡೆಗೂ ಒಂದು ಅವಳಿ. ನೋಡಲು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಸಂಜೆಯ ಹೊತ್ತಿಗೆ ಎಡಗಣ್ಣಿನ ರೆಪ್ಪೆ ಅಂಗಡಿಯ ಬಾಗಿಲಿನ ಹಾಗೆ ತಾನಾಗಿ ಇಳಿದುಬಿಡುತ್ತಿತ್ತು. ಆಗ ಮತ್ತೆ ಒಬ್ಬನೇ ಸೆಲ್ಬಿ ಉಳಿಯುತ್ತಿದ್ದ.

ಆ ಇಬ್ಬರಲ್ಲಿ ಎಡಗಡೆಯವನು ನನ್ನನ್ನು ನಂಬುತ್ತಾನೆ, ಬಲಗಡೆಯವನು ನಂಬುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಬೈಯಬೇಕಾದಾಗ ಬಲಗಡೆಗೆ ತಿರುಗಿ ಬೈಯುತ್ತಿದ್ದೆ.

ನಂಬದಿರುವುದಕ್ಕೂ ಕಾರಣವಿತ್ತು. ಮೂವರು ಡಾಕ್ಟರುಗಳು ನೋಡಿ, ಇದೆಲ್ಲ ಮನಸ್ಸಿನದು ಎಂದಿದ್ದರು. ನಾವು ದ್ವೀಪದವರು, ಅದೇ ದಿನ ವಾಪಸ್ ದೋಣಿ ಹಿಡಿಯಬೇಕೆಂದು ಕನಿಕರಪಟ್ಟು ಮೂವರೂ ಬೆಳಿಗ್ಗೆ ಒಂಬತ್ತಕ್ಕೇ ಸಮಯ ಕೊಟ್ಟಿದ್ದರು. ನಾವು ಹಿಂದಿನ ದಿನವೇ ಹೋಗಿ ಸೆಲ್ಬಿಯ ಅಕ್ಕನ ಮನೆಯಲ್ಲಿ ಉಳಿಯುತ್ತಿದ್ದೆವು. ನಾನು ಗಡದ್ದಾಗಿ ನಿದ್ದೆ ಮಾಡಿ, ಡಾಕ್ಟರ ಮುಂದೆ ಹೋಗುವಾಗ ಚೆನ್ನಾಗಿ ಕಾಣಬೇಕೆಂದು ಲಿಪ್‌ಸ್ಟಿಕ್ ಬೇರೆ ಹಚ್ಚಿಕೊಳ್ಳುತ್ತಿದ್ದೆ. "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎಂದು ಅವರಲ್ಲೊಬ್ಬ ನಕ್ಕಿದ್ದ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಮಾರ್ಚಿನಲ್ಲಿ ಒಂದು ತುಂಡು ಬ್ರೆಡ್ಡು ಗಂಟಲಲ್ಲಿ ನಿಂತಿತು. ಸೆಲ್ಬಿ ಬೆನ್ನಿಗೆ ಗುದ್ದಿ ಗುದ್ದಿ ಹೊರಗೆ ತೆಗೆಸಿದ. "ನಿಧಾನಕ್ಕೆ ತಿನ್ನಬಾರ್ದಾ?" ಎಂದ. ಇನ್ನೊಂದು ದಿನ ಇಂಥದ್ದೇ ತುಂಡು ನನ್ನ ಪ್ರಾಣ ತೆಗೆಯುತ್ತದೆ ಎಂದು ನನಗೆ ಗೊತ್ತಾಗಿತ್ತು. ಹೇಳಿದರೆ ಅದನ್ನೂ ಮನಸ್ಸಿನ ಲೆಕ್ಕಕ್ಕೇ ಸೇರಿಸುತ್ತಾರೆ ಎಂದು ಬಾಯಿ ಮುಚ್ಚಿಕೊಂಡೆ.

ದಾರಿ ತೋರಿಸಿದ್ದು ರೇಡಿಯೋ. ನಮ್ಮ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮಧ್ಯಾಹ್ನ ರೇಡಿಯೋಗೆ ಫೋನ್ ಮಾಡಿ ಯಾರು ಬೇಕಾದರೂ ಯಾರನ್ನಾದರೂ ಬೈಯಬಹುದು. ದೋಣಿ ವಾರವಿಡೀ ಕೆಟ್ಟು ನಿಂತಿತ್ತು, ನಾನು ಮಂತ್ರಿಯನ್ನು ಚೆನ್ನಾಗಿ ಜಾಡಿಸುತ್ತಿದ್ದೆ. ನಾಲ್ಕನೇ ನಿಮಿಷಕ್ಕೆ ದನಿ ಮೂಗಿಗೆ ಏರಿತು, ಮಾತು ಕಲಸಿಹೋಯಿತು. ಲೈನ್ ಸರಿಯಿಲ್ಲವೆಂದು ಅವರು ಕತ್ತರಿಸಿದರು. ಅಲ್ಫ್ರೀಡಾ ಕುಡಿದಿದ್ದಾಳೆ ಎಂದು ದ್ವೀಪವೆಲ್ಲ ನನ್ನ ಬಗ್ಗೆ ಮಾತಾಡಿಕೊಂಡಿತು.

ಮರುದಿನ ಗುರುತಿಲ್ಲದ ಹೆಂಗಸೊಬ್ಬಳ ಫೋನ್. ಲೊರೆಟ್ಟಾ ಅಂತೆ, ದಕ್ಷಿಣ ಕರಾವಳಿಯವಳು. ರೇಡಿಯೋದವರಿಂದ ನನ್ನ ನಂಬರ್ ಕಿತ್ತುಕೊಂಡಿದ್ದಳು.

"ದೋಣಿ ವಿಷಯಕ್ಕೆ ಬೈದೋಳು ನೀನೇನಾ?"

"ಹೌದು. ಮಂತ್ರಿ ನಿನಗೇನಾಗ್ಬೇಕು?"

"ಅವನು ಹಾಳಾಗಿ ಹೋಗ್ಲಿ! ಮಾತಾಡ್ತಾ ಮಾತಾಡ್ತಾ ನಿನ್ನ ದನಿ ಸೋತೋಯ್ತಲ್ಲ, ಅದು ನನ್ನ ದನಿ ಕಣೇ ಬಂಗಾರ. ಆರು ವರ್ಷದ ಹಿಂದಿಂದು. ಊಟ ಮಾಡುವಾಗ ಗದ್ದಕ್ಕೆ ಕೈ ಕೊಟ್ಕೋತೀಯಾ?"

ನಾನು ಆಗಲೂ ಗದ್ದಕ್ಕೆ ಕೈ ಕೊಟ್ಟುಕೊಂಡೇ ನಿಂತಿದ್ದೆ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

"ಅಳು, ಅಳು. ಆಮೇಲೆ ಕೇಳಿಸ್ಕೋ" ಎಂದಳು ಲೊರೆಟ್ಟಾ. "ಯಾವ ಡಾಕ್ಟರ್ ಹತ್ರ ಹೋದ್ರೂ ಒಂದೇ ಪ್ರಶ್ನೆ. ನನ್ನಂಥೋರನ್ನ ಎಷ್ಟು ಜನಾನ ನೋಡಿದೀರಾ? 'ಓದಿದೀನಿ' ಅಂದ್ರೆ ಎದ್ದು ಬಾ. ಸೇಂಟ್ ಜಾನ್ಸ್‌ನಲ್ಲಿ ಟೋಬಿನ್ ಅಂತ ಇದಾಳೆ. ಮುದುಕಿ, ಮಹಾ ಸಿಡುಕಿ. ಮುನ್ನೂರು ಜನಾನ ನೋಡಿದಾಳೆ."

ಈ ಸಲ ಬ್ರೆಡ್ಡಿನ ಕಥೆಯನ್ನೂ ಬಾಯಿಬಿಟ್ಟೆ, ದ್ವೀಪದ ನರ್ಸು ಅದನ್ನೂ ಬರೆದು ಟೋಬಿನ್ ಅವರಿಗೆ ಕಾಗದ ಕಳಿಸಿದಳು. ಟೋಬಿನ್ ಅವರ ಕಾರ್ಯದರ್ಶಿ ಫೋನಿನಲ್ಲಿ ಕೇಳಿದ್ದು ಇಷ್ಟೇ: "ನಿಮಗೆ ದಿನದಲ್ಲಿ ಯಾವಾಗ ಜಾಸ್ತಿ ತೊಂದರೆ?" ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ಮಧ್ಯಾಹ್ನ ಆದ್ಮೇಲೆ."

"ಹಾಗಾದ್ರೆ ಸಂಜೆ ನಾಲ್ಕಕ್ಕೆ ಬನ್ನಿ. ದಾರೀಲಿ ಮಲಗ್ಬೇಡಿ. ಮಾತಾಡ್ತಾನೇ ಇರಿ. ಲಿಫ್ಟ್ ಬೇಡ, ಮೆಟ್ಟಿಲು ಹತ್ತಿ. ಚೆನ್ನಾಗಿ ಕಾಣೋ ಹಾಗೆ ಬಂದ್ರೆ ಡಾಕ್ಟರ್‌ಗೆ ಸಿಟ್ಟು ಬರುತ್ತೆ."

ಹೊರಡುವ ದಿನ ಸೆಲ್ಬಿ ಅಭ್ಯಾಸಬಲದಿಂದ ನಮ್ಮ ಟ್ರಕ್ಕಿನ ಸೀಟಿನ ಮೇಲೆ ದಿಂಬು, ಕಂಬಳಿ ಇಟ್ಟಿದ್ದ. ಎರಡನ್ನೂ ಟ್ರಕ್ಕಿನ ಹಿಂದಕ್ಕೆ ಎಸೆದೆ.

"ಮಾತಾಡು ಅಂದಿದಾರಲ್ಲ, ಮಾತಾಡು ಮತ್ತೆ" ಎಂದ.

"ಬೇಕು ಅಂದಾಗ ಮಾತೇ ಬರ್ತಿಲ್ಲ."

"ಮೂವತ್ತು ವರ್ಷದಲ್ಲಿ ಇದೇ ಮೊದಲು, ಬಿಡು."

ಆಮೇಲೆ ಬಂತು. ರಸ್ತೆಯ ಎರಡೂ ಬದಿಗೆ ಮಂಜು, ಮಂಜಿನೊಳಗೆ ಕುಳ್ಳ ಮರಗಳು, ಕೆರೆಗಳು. ಅಮ್ಮ ಜೌಗಿನಲ್ಲಿ ಹಣ್ಣು ಆಯುತ್ತಿದ್ದದ್ದು, ಜೂನಿನಲ್ಲಿ ಪುಟ್ಟ ಮೀನುಗಳು ಅಲೆಯೊಡನೆ ದಡಕ್ಕೆ ಉರುಳಿ ಬರುತ್ತಿದ್ದದ್ದು, ನಾವು ಬಕೆಟ್ಟು ಹಿಡಿದು ಬರಿಗಾಲಲ್ಲಿ ಓಡುತ್ತಿದ್ದದ್ದು, ಎಲ್ಲ ಹೇಳಿದೆ. ಹೇಳುತ್ತಿರುವವಳು ನಾನೋ, ಹಿಂದೆ ಕೂತ ಇನ್ಯಾರೋ ಎನಿಸುತ್ತಿತ್ತು. ರಸ್ತೆ ಮೆಲ್ಲನೆ ಎರಡಾಯಿತು. ಎರಡು ದೈತ್ಯ ಮೂಸ್ ಜಿಂಕೆಗಳು ರಸ್ತೆ ದಾಟಿದವು.

"ಎರಡಾ?" ಎಂದೆ.

"ಒಂದೇ ಕಣೇ" ಎಂದ ಸೆಲ್ಬಿ, ಬಹಳ ಮೆತ್ತಗೆ.

ಆ ಮೆತ್ತಗಿನ ದನಿಗೇ ನನಗೆ ರೇಗಿತು. "ನಿನ್ನ ಅಕ್ಕನ ಅಡುಗೆಮನೇಲಿ ನೀನು ಹೇಳಿದ್ದು ನನಗೆ ಕೇಳಿಸ್ತು ಸೆಲ್ಬಿ. ಮಕ್ಕಳು ಮನೆ ಬಿಟ್ಟ ಮೇಲೆ ಅವಳಿಗೆ ಹೊತ್ತು ಹೋಗಲ್ಲ, ಅದಕ್ಕೇ ಇದೆಲ್ಲ ಅಂದೆ."

ಎರಡು ಸ್ಟೀರಿಂಗ್‌ಗಳ ಮೇಲೆ ನಾಲ್ಕು ಕೈಗಳು ಬಿಗಿಯಾದವು. ಪರವಾಗಿಲ್ಲ, ಸಿಟ್ಟಿಲ್ಲ ಎನ್ನಲು ಹೊರಟೆ. ಸುಳ್ಳೇ ಆಗುತ್ತಿತ್ತು, ಹೇಗೂ ದನಿ ಹೊರಡಲಿಲ್ಲ. ಉಳಿದ ದಾರಿ ಗದ್ದಕ್ಕೆ ಕೈ ಕೊಟ್ಟು ಕೂತಿದ್ದೆ.

ಟೋಬಿನ್ ಅವರ ಕೋಣೆಗೆ ಮೂರು ಮಹಡಿ. ಎರಡನೆಯದಕ್ಕೆ ಕಾಲು ನನ್ನದಲ್ಲ ಎನಿಸಿತು. ಎಡರೆಪ್ಪೆ ಪೂರ್ತಿ ಇಳಿಯಿತು. ಸೆಲ್ಬಿ ಹಿಡಿಯಲು ಬಂದ, ತಳ್ಳಿದೆ. ಅವನು ಎರಡೂ ಕೈ ಚಾಚಿಕೊಂಡು ಹಿಂದೆ ಹಿಂದೆಯೇ ಹತ್ತಿದ.

ಡಾಕ್ಟರ್ ಟೋಬಿನ್ ಬಾಗಿಲಲ್ಲೇ ನನ್ನ ಮುಖ ನೋಡಿದರು. "ಭೇಷ್. ಹೀಗೆ ಬರಬೇಕು" ಎಂದರು. ನಾನು ಚೀಟಿ ತೆಗೆದು ಕೊಟ್ಟೆ. ಅದರಲ್ಲಿ ಲೊರೆಟ್ಟಾಳ ಪ್ರಶ್ನೆಯಿತ್ತು.

"ಮುನ್ನೂರ ಹನ್ನೊಂದು" ಎಂದರು ಓದಿ. "ನಿಮ್ಮನ್ನೂ ಸೇರಿಸಿ."

ರಬ್ಬರ್ ಕೈಗವಸೊಂದಕ್ಕೆ ಮಂಜುಗಡ್ಡೆ ತುಂಬಿ ಗಂಟು ಹಾಕಿ ನನ್ನ ಮುಚ್ಚಿದ ರೆಪ್ಪೆಯ ಮೇಲೆ ಒತ್ತಿದರು. ಏಡಿ ಸಂಸ್ಕರಿಸುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಸಲಿಕೆಗಟ್ಟಲೆ ಮಂಜುಗಡ್ಡೆ ಎತ್ತಿ ಹಾಕಿದವಳು ನಾನು. ಒಂದು ಚೂರನ್ನೂ ಕಣ್ಣಿಗಿಟ್ಟುಕೊಂಡಿರಲಿಲ್ಲ.

"ಇದರಿಂದ ಏನಾಗುತ್ತೆ?" ಸೆಲ್ಬಿ ಕೇಳಿದ.

"ಎರಡು ನಿಮಿಷ ಸುಮ್ನಿರಿ. ಆಮೇಲೆ ನೀವೇ ನೋಡಿ."

ತಣ್ಣನೆಯ ಕತ್ತಲಲ್ಲಿ ತೇಲುತ್ತಿದ್ದೆ. ದೂರದಲ್ಲೆಲ್ಲೋ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಅವರು ಕೈ ತೆಗೆದರು. ರೆಪ್ಪೆ ತಾನಾಗಿ ಮೇಲೆದ್ದಿತು.

"ಮಯಸ್ತೇನಿಯಾ" ಎಂದರು. "ಇವರ ಮೈ ಕಾಯಬೇಕಾದ ರಕ್ತದ ರಕ್ಷಣಾಶಕ್ತಿಯೇ ದಾರಿ ತಪ್ಪಿ, ನರದಿಂದ ಸ್ನಾಯುವಿಗೆ ಹೋಗೋ ಸುದ್ದೀನ ತಡೀತಿದೆ. ತಣ್ಣಗಾದ್ರೆ ಸ್ವಲ್ಪ ಹೊತ್ತು ಸುದ್ದಿ ದಾಟುತ್ತೆ. ರಕ್ತಪರೀಕ್ಷೆ ಮಾಡಿ ಗಟ್ಟಿ ಮಾಡ್ಕೋತೀನಿ. ಔಷಧಿ ಇದೆ. ನುಂಗೋಕೆ ಕಷ್ಟ ಅಂತ ನರ್ಸ್ ಬರೆದಿದಾರೆ, ಅದಕ್ಕೆ ಇವತ್ತು ಮನೆಗೆ ಕಳಿಸಲ್ಲ. ಇದು ಮನಸ್ಸಿಂದು ಅಂತ ಯಾರು ಹೇಳಿದ್ದು?"

ಕಣ್ಣು ತೆರೆದಿದ್ದರಿಂದ ಕೋಣೆಯಲ್ಲಿ ಮತ್ತೆ ಇಬ್ಬರು ಸೆಲ್ಬಿಗಳಿದ್ದರು. ಮೊದಲು ಬಲಗಡೆಯವನನ್ನು ನೋಡಿದೆ, ನಂಬದವನನ್ನು. ಅವನು ಟೋಪಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ. ಆಮೇಲೆ ಎಡಗಡೆಯವನನ್ನು ನೋಡಿದೆ.

ಇಬ್ಬರೂ ಅಳುತ್ತಿದ್ದರು.